ಫರಸಾನ್ ಕಾಲುವೆಗೆ ಮರುವಾಯಿ ಹೆಕ್ಕಲು ಹೋದದ್ದು

ನನ್ನ ಮಗಳು ಶಾಲಿನಿಗೆ ಈಗ ಐದು ತಿಂಗಳು. ಮದುವೆಯಾಗಿ ಒಂಬತ್ತು ವರ್ಷ, ಎರಡು ಸಲ ಗರ್ಭ ಇಳಿದು ಹೋಗಿತ್ತು, ಈಗ ಮಗು ಹೊಟ್ಟೆಯಲ್ಲಿ ಮಿಸುಕುತ್ತದೆ. ನಾನು ಅಜ್ಜಿ ಆಗುತ್ತೇನೆ. ಇದನ್ನು ಹೇಳದೆ ಮುಂದಿನದು ಬರೆಯಲು ನನಗೆ ಕೈ ಬರುವುದಿಲ್ಲ. ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ಶಾಲಿನಿ ಸೌದಿಯ ಫರಸಾನ್ ದ್ವೀಪದಲ್ಲಿ ನರ್ಸು. ಜಿಝಾನ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಒಂದು ಗಂಟೆ, ಟಿಕೇಟಿಗೆ ದುಡ್ಡು ಕೊಡಬೇಕಿಲ್ಲ. ನಾನು ಹೋಗಿ ಹತ್ತು ದಿನಕ್ಕೆ ಅವಳಿಗೆ ಮರುವಾಯಿಯ ಬಯಕೆ ಹತ್ತಿತು. ಅಂಗಡಿಯಲ್ಲಿ ಮೀನು ಬೇಕಾದಷ್ಟು ಉಂಟು, ಕಪ್ಪೆಚಿಪ್ಪು, ಅದೇ ನಮ್ಮ ಮರುವಾಯಿ, ಇಲ್ಲ. ಬಸುರಿಯ ಬಯಕೆ ತೀರದಿದ್ದರೆ ಮಗುವಿನ ಕಿವಿ ಸೋರುತ್ತದೆ. ನಾನು ಸುಮ್ಮನಿರುವುದು ಹೇಗೆ?

ಅವಳ ಆಸ್ಪತ್ರೆಗೆ ಮದ್ದಿಗೆ ಬರುವ ಇಬ್ರಾಹಿಂ ಎಂಬ ಮುದುಕನ ದೋಣಿ ಗೊತ್ತು ಮಾಡಿದೆವು, ಬಾಡಿಗೆ ನೂರೈವತ್ತು ರಿಯಾಲ್. ಅಳಿಯ ದಿನೇಶನ ಅರಬಿ ಅರ್ಧಂಬರ್ಧ, ಅದಕ್ಕೆ ಶಾಲಿನಿಯೂ ಹೊರಟಳು. "ನೀನು ಬೇಡ" ಅಂದೆ. "ಅಮ್ಮ, ನರ್ಸು ನಾನಾ ನೀವಾ?" ಅಂದಳು.

ಶುಕ್ರವಾರ ಬೆಳಿಗ್ಗೆ ಬಂದರಿನ ಪೊಲೀಸರು ಮಗಳು ಅಳಿಯನ ಇಕಾಮಾ ಎಂಬ ವಾಸದ ಕಾರ್ಡು, ನನ್ನ ವೀಸಾ ಕಾಗದ ನೋಡಿ ಬಿಟ್ಟರು. ಮುಕ್ಕಾಲು ಗಂಟೆ ಹೋದ ಮೇಲೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ನಡುವೆ ಕಾಲುವೆ. ಮುತ್ತು ತೆಗೆಯುವವರು ಹಿಂದೆ ದೋಣಿ ತರುತ್ತಿದ್ದ ದಾರಿಯಂತೆ. ಅದರ ಬಾಯಿಗೆ ಅಡ್ಡ ಮರಳ ದಿಬ್ಬ. ನೀರು ಏರಿದರೆ ದಾರಿ, ಇಳಿದರೆ ಬಾಗಿಲು ಹಾಕಿದ ಹಾಗೆ. ಅರ್ಧ ಗಂಟೆ ಹೊರಗೆ ಕಾದು, ನೀರು ಏರಿದ ಮೇಲೆ ಒಳಗೆ ಹೋದೆವು.

ಮೊಣಕಾಲು ನೀರಿಗೆ ಇಳಿದದ್ದೇ ಕಾಲಿಗೆ ಮರುವಾಯಿ ತಾಗಿತು. ಊರಿನ ಹೊಳೆಬಾಯಿಯಲ್ಲಿ ನಲವತ್ತು ವರ್ಷ ಹೆಕ್ಕಿದವಳು ನಾನು. ಹನ್ನೊಂದಕ್ಕೆ ಇಬ್ರಾಹಿಂ "ಯಲ್ಲಾ, ಯಲ್ಲಾ" ಅಂತ ಹೊರಡಲು ಅವಸರ ಮಾಡಿದ. ನೀರು ಇಳಿಯುತ್ತದಂತೆ, ಗಾಳಿಯೂ ತಿರುಗುತ್ತದಂತೆ.

"ಇವತ್ತು ಏಕಾದಶಿ, ನೀರು ಅಷ್ಟೆಲ್ಲ ಇಳಿಯುವುದಿಲ್ಲ. ಇನ್ನೊಂದು ಗಂಟೆ ಅಂತ ಹೇಳು ಅವನಿಗೆ" ಅಂದೆ. ಶಾಲಿನಿ ಹೇಳಿದಳು. ಮುದುಕ ನನ್ನ ಕೈಯ ಚುರುಕು ನೋಡಿ ಆಯಿತು ಅಂತ ತಲೆ ಹಾಕಿದ.

ಹೊರಟು ದಿಬ್ಬಕ್ಕೆ ಬಂದಾಗ ದೋಣಿ ಮರಳಿನಲ್ಲಿ ಕೂತೇ ಬಿಟ್ಟಿತು. ಗಂಡಸರಿಬ್ಬರೂ ಇಳಿದು ನೂಕಿದರು, ಅಲುಗಲಿಲ್ಲ. "ಇಲ್ಲಿ ಚಂದ್ರನಿಗಿಂತ ಗಾಳಿ ದೊಡ್ಡದು" ಅಂದನಂತೆ ಇಬ್ರಾಹಿಂ. ಅವನ ಸಮುದ್ರಕ್ಕೆ ನಮ್ಮ ಊರಿನ ಪಂಚಾಂಗ ಹೇಳಿದವಳು ನಾನು.

ಫೋನಿಗೆ ಸಿಗ್ನಲ್ ಇಲ್ಲ. ಕೊಡೆಯ ಅಡಿಯಲ್ಲಿ ಶಾಲಿನಿ ಒರಗಿ ಕೂತಿದ್ದಳು. ಒದ್ದೆ ಶಾಲು ಅವಳ ತಲೆಗೆ ಹಾಕಿ, "ಮಿಸುಕುತ್ತದಾ?" ಅಂತ ಕೇಳಿದೆ.

"ಬೆಳಿಗ್ಗೆಯಿಂದ ಇಲ್ಲ. ಮಲಗಿರಬಹುದು." ನನ್ನ ಮುಖ ನೋಡಲಿಲ್ಲ ಅವಳು.

ಕಿವಿ ಸೋರಿದರೆ ಸೋರಲಿ, ಮಗು ಉಳಿದರೆ ಸಾಕು ಅಂತ ಮರುವಾಯಿಯ ಚೀಲ ನೀರಿಗೆ ಎಸೆಯಲು ಎತ್ತಿದೆ. ದಿನೇಶ ಹಿಡಿದ. "ಭಾರ ಇಳಿಸುವುದಾದರೆ ನನ್ನನ್ನು ಎಸೆಯಿರಿ ಅತ್ತೆ. ಅದು ಇರಲಿ."

ಐದರ ಹೊತ್ತಿಗೆ ನೀರು ಬಂದು ದೋಣಿಯನ್ನು ಮೆಲ್ಲ ಎತ್ತಿತು. ನೇರ ಆಸ್ಪತ್ರೆಗೆ ಹೋಗುವ ಅಂದೆ. "ಉಂಡು ಹೋಗುವ, ಹಸಿವಾಗುತ್ತದೆ" ಅಂದಳು ಶಾಲಿನಿ. ಅವಳ ಹಟ ಗೊತ್ತಲ್ಲ. ಮನೆಗೆ ಬಂದು ಮರುವಾಯಿ ಹಾಕಿ ಅಕ್ಕಿ ಉಂಡೆಯ ಪುಂಡಿ ಮಾಡಿದೆ. ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದೆ.

ಮೂವರೂ ಊಟಕ್ಕೆ ನೆಲದಲ್ಲಿ ಕೂತೆವು. ನಾನು ನುಂಗಿದ್ದು ಬರೀ ನೀರು. ಎರಡನೇ ಬಟ್ಟಲಿನಲ್ಲಿ ಶಾಲಿನಿಯ ಕೈ ನಿಂತಿತು. ನನ್ನ ಜೀವ ಹೋಯಿತು. ಅವಳು ನನ್ನ ಅಂಗೈ ತೆಗೆದು ಹೊಟ್ಟೆಯ ಎಡಬದಿಗೆ ಒತ್ತಿಕೊಂಡಳು. ಒಳಗಿಂದ ಒಂದು ಸಣ್ಣ ಗುದ್ದು, ಮತ್ತೊಂದು.

"ಉಪ್ಪು ಜಾಸ್ತಿ ಆಯಿತು ಅಂತ ಮಗು ಹೇಳುವುದು" ಅಂದ ದಿನೇಶ. ನಾನು ಕಣ್ಣು ಒರೆಸಿಕೊಂಡು ನನಗೂ ಬಡಿಸಿಕೊಂಡೆ.