ಅಪ್ಪನಿಗಿಲ್ಲದ ಟಿಫನ್

ನಮ್ಮೂರು ಅಂಬಾಜಿದುರ್ಗದ ಬುಡದಲ್ಲಿ. ಅಲ್ಲಿ ಹೊತ್ತಾರೆಯೂ ಹಿಟ್ಟು, ಮಧ್ಯಾಹ್ನವೂ ಹಿಟ್ಟು, ರಾತ್ರಿಯೂ ಹಿಟ್ಟು. ಹಿಟ್ಟು ಎಂದರೆ ರಾಗಿಮುದ್ದೆ. ಟಿಫನ್ ಎಂಬ ಇಂಗ್ಲಿಷ್ ಮಾತನ್ನು ನಾನು ಕೇಳಿದ್ದೇ ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಮೇಲೆ. ಗಂಡ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಅವರಿಗೂ ಮಾವನಿಗೂ ಉಪ್ಪಿಟ್ಟೋ ದೋಸೆಯೋ ಆಗಬೇಕು, ಅದು ಟಿಫನ್. ಕಚೇರಿಗೆ ಒಯ್ಯುವ ಡಬ್ಬಿಯೂ ಟಿಫನ್. ಕಚೇರಿಯವರು ಯಾರಾದರೂ ಮನೆಗೆ ಬಂದರೆ ಅತ್ತೆ ಮೊದಲು ಕೇಳುವುದು, 'ಟಿಫನ್ ಆಯ್ತಾ?' ನಾವು ಹೆಂಗಸರು ಒಲೆ ಮುಂದೆ ಕೂತು ತಂಗಳು ಹಿಟ್ಟನ್ನು ಮಜ್ಜಿಗೆಗೆ ಕಿವುಚಿ ಕುಡಿಯುತ್ತಿದ್ದೆವು. ಅದಕ್ಕೆ ಹೆಸರೇ ಇರಲಿಲ್ಲ. ಅತ್ತೆಯೂ ಹೊಲ ಉಳುವವರ ಮನೆಯಿಂದ ಬಂದವಳೇ. ಮಗನಿಗೆ ಕೆಲಸ ಸಿಕ್ಕ ಮೇಲೆ ಅದನ್ನು ಮರೆತಳು.

ಮಗಳಿಗೆ ಮಕ್ಕಳಾಗುವ ತನಕ ಅವಳ ಗಂಡನ ಮನೆಯಲ್ಲಿ ತಂದೆ ಊಟ ಮಾಡಬಾರದು ಎಂಬುದು ನಮ್ಮವರ ಪದ್ಧತಿ. ಮದುವೆಯಾದ ವರ್ಷ, ಅವರೆಕಾಯಿ ಕಾಲದಲ್ಲಿ ಅಪ್ಪ ಒಂದು ಮೂಟೆ ಕಾಯಿ ಹೊತ್ತು ಬಂದ. ನಸುಕಿನಲ್ಲೆದ್ದು ಚಿಂತಾಮಣಿವರೆಗೆ ನಡಿಗೆ, ಅಲ್ಲಿಂದ ಬಸ್ಸು. ಜಗುಲಿಯಲ್ಲಿ ಕೂತವನ ಮುಖ ನೋಡಿದರೇ ಹೊಟ್ಟೆ ಖಾಲಿ ಎಂದು ತಿಳಿಯುತ್ತಿತ್ತು. ಊಟಕ್ಕೆ ತಾನೇ ಅಡ್ಡಿ, ಉಪ್ಪಿಟ್ಟಿಗೇನು ಎಂದುಕೊಂಡು ಬಾಣಲೆಯಲ್ಲಿದ್ದುದನ್ನು ತಟ್ಟೆಗೆ ಹಾಕಿದೆ. ಬಾಗಿಲಲ್ಲಿ ಅತ್ತೆ ಅಡ್ಡ ನಿಂತಳು.

'ಯಾರಿಗದು?'

'ಅಪ್ಪಂಗೆ. ಊಟ ಮಾಡೋಹಾಗಿಲ್ವಲ್ಲ ಅತ್ತೆ, ಟಿಫನ್ನಾದ್ರೂ ಮಾಡ್ಲಿ ಅಂತ.'

'ಬೀಗ್ರಿಗೆ ಟಿಫನ್ನಾ? ಮೂರೊತ್ತೂ ಹಿಟ್ಟು ನುಂಗೋ ಹೊಟ್ಟೆ ಕಣೇ ಅದು, ಈ ಒಂದಿಡಿ ರವೆ ಯಾವ ಮೂಲೆಗಾಯ್ತದೆ? ಇಡು ಒಳಗೆ. ಆಫೀಸಿಗೋಗೋನು ಇನ್ನೂ ತಿಂದಿಲ್ಲ.'

ಸಣ್ಣ ಮನೆ. ಜಗುಲಿಗೆ ಕೇಳಿಸದ ಮಾತಲ್ಲ. ಅಪ್ಪ ಟವಲು ಕೊಡವಿ ಎದ್ದ. 'ನಂಗೇನೂ ಬೇಡಮ್ಮ, ಬಸ್ಸು ತಪ್ಪೋಯ್ತದೆ' ಎಂದ.

ತಟ್ಟೆ ಹಿಡಿದು ಅವನ ಹಿಂದೆ ಹೋಗಬಹುದಿತ್ತು. ಅತ್ತೆ ಹೊಡೆಯುವವಳಲ್ಲ, ಬೈಯುತ್ತಿದ್ದಳು ಅಷ್ಟೆ. ಹೋಗಲಿಲ್ಲ. ಒಳಗಿಟ್ಟೆ. ಗಂಡ ಅದನ್ನು ತಿಂದು ಕಚೇರಿಗೆ ಹೋದರು. ಸಂಜೆ ಎಲ್ಲರೂ ಕೂತು ಅವರೆಕಾಯಿ ಸುಲಿದೆವು. ಸೊಗಡು ಚೆನ್ನಾಗಿದೆ ಎಂದಳು ಅತ್ತೆ.

ಎರಡು ವರ್ಷಕ್ಕೆ ಮಗ ಹುಟ್ಟಿದ. ಬಾಣಂತನ ಮುಗಿಸಿ ನಾನು ಗಂಡನ ಮನೆಗೆ ಬಂದ ಮೇಲೆ ಅಪ್ಪ ಮೊಮ್ಮಗನನ್ನು ನೋಡಲು ಬಂದ. ಇನ್ನು ಪದ್ಧತಿಯ ಅಡ್ಡಿಯಿಲ್ಲ. ಅತ್ತೆಯನ್ನು ಒಂದು ಮಾತೂ ಕೇಳದೆ ಅನ್ನ ಬಸಿದು, ಎಲೆ ಹಾಕಿ, ನೀರಿಟ್ಟು ಕರೆದೆ. ಅವನು ಕೂತಲ್ಲಿಂದ ಏಳಲಿಲ್ಲ.

'ಬಸ್ ಸ್ಟ್ಯಾಂಡಲ್ಲಿ ಟಿಫನ್ ಮಾಡ್ಕಂಡ್ ಬಂದೆ ಕಣಮ್ಮ. ಹೊಟ್ಟೆ ತುಂಬೈತೆ.'

ಹೋಟೆಲಿನ ಮೆಟ್ಟಿಲು ಹತ್ತಿದವನಲ್ಲ ಅವನು. ಸುಳ್ಳೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಬಲವಂತ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ? ಆಮೇಲೆಯೂ ಬರುತ್ತಿದ್ದ, ಮಗುವನ್ನು ಎತ್ತಿಕೊಳ್ಳುತ್ತಿದ್ದ, ಹೋಗುತ್ತಿದ್ದ. ಸಾಯುವ ತನಕ ನನ್ನ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.