ಅಜ್ಜನ ಮಂಡಿನೋವು

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಕೋಪ ಬಂದರೆ ಕೂಗಾಡುತ್ತಿರಲಿಲ್ಲ, ಇದ್ದಲ್ಲೇ ಕೂತುಬಿಡುತ್ತಿದ್ದರು. "ಕುಂತಿವ್ನಿ ಕಣಪ್ಪಾ, ಏಳಾಕಿಲ್ಲ" ಎನ್ನುವುದು ಅವರ ಒಂದೇ ಮಾತು. ಬ್ರಿಟಿಷರ ವಿರುದ್ಧದ ಚಳವಳಿಯಲ್ಲಿ ಹಾಸನದ ಜೈಲು ಸೇರಿದಾಗ ಕಲಿತದ್ದು ಅದು. ಜೈಲರ್ ಬಂದರೆ ಕೈದಿಗಳೆಲ್ಲ ಎದ್ದು ನಿಲ್ಲಬೇಕಿತ್ತಂತೆ. ಇವರ ಗುಂಪು ಏಳುತ್ತಿರಲಿಲ್ಲ. ಲಾಠಿ ಬಿದ್ದರೂ ತಿರುಗಿ ಕೈ ಎತ್ತುತ್ತಿರಲಿಲ್ಲ.

ತೊಂಬತ್ತು ದಾಟಿದ ಮೇಲೆ ಅವರು ಮತ್ತೆ ಕೂತರು. ದಲಿತರ ಕೇರಿಗೆ ಮಾತ್ರ ನೀರು ಬಿಡುತ್ತಿಲ್ಲವೆಂದು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕೂತಾಗ, ಅಲ್ಲಿನ ಸಾಹೇಬರು ಪೊಲೀಸರಿಂದ ಎತ್ತಿಸಿ ಆಚೆ ಹಾಕಿಸಿದರು. ಅದೇ ವಾರ ಸ್ವಾತಂತ್ರ್ಯೋತ್ಸವ. ಅದೇ ಸಾಹೇಬರು, ಒಂದಿಷ್ಟೂ ನಾಚಿಕೆಯಿಲ್ಲದೆ, ಜೀಪು ಕಳಿಸಿ ಅಜ್ಜನನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿದರು!

ಮುಖ್ಯ ಅತಿಥಿಗಳು ಬಂದಾಗ ವೇದಿಕೆಯೇ ಎದ್ದು ನಿಂತಿತು. ಅಜ್ಜ ಏಳಲಿಲ್ಲ.

"ವಯಸ್ಸಾಯ್ತಲ್ಲ ಸಾರ್, ಮಂಡಿನೋವು," ಎಂದು ಸಾಹೇಬರು ಹಲ್ಲು ಕಿರಿದರು.

"ಮಂಡಿ ನೆಟ್ಟಗೈತೆ. ಕೇರಿಗೆ ನೀರು ಬರಾಗಂಟ ಕುಂತಿವ್ನಿ ಕಣಪ್ಪಾ!"

ಸಾಹೇಬರು ಮೈಕನ್ನು ದೂರ ಸರಿಸಿದರು. ರಾಷ್ಟ್ರಗೀತೆ ಶುರುವಾದಾಗ ಅಜ್ಜ ಯಾರ ಕೈಯನ್ನೂ ಹಿಡಿಯದೆ ಎದ್ದು ನೆಟ್ಟಗೆ ನಿಂತರು. ಆದರೂ "ಮಂಡಿನೋವನ್ನೂ ಲೆಕ್ಕಿಸದೆ ಬಂದ ಹಿರಿಯರು" ಎಂದೇ ಭಾಷಣವಾಯಿತು. ಅಜ್ಜ ತೀರಿಹೋದ ಮೇಲೂ ಪ್ರತಿ ಆಗಸ್ಟಿನಲ್ಲಿ ಅದೇ ಭಾಷಣ. ಕೇರಿಯಲ್ಲಿ ಅದೇ ಒಣ ನಲ್ಲಿ.

ಈ ವರ್ಷ ಅತಿಥಿಗಳು ಬಂದಾಗ ಎಲ್ಲರೂ ಎದ್ದರು. ಕೇರಿಯ ಹೆಂಗಸರು ಮಾತ್ರ ಖಾಲಿ ಕೊಡಗಳನ್ನು ಮುಂದಿಟ್ಟುಕೊಂಡು ಕೂತೇ ಇದ್ದರು.

"ಏಳ್ರಮ್ಮಾ, ಏನಾಗಿದೆ ನಿಮಗೆ?" ಎಂದು ಈಗಿನ ಸಾಹೇಬರು ಗದರಿದರು.

"ನಮ್ಗೂ ಮಂಡಿನೋವು ಸಾ," ಎಂದಳು ಒಬ್ಬಳು.