ನೀಲಾಂಬಿಕೆ ಕೊಯ್ದ ಆರು ಎಳೆ

ಬೆಳಗಿನ ಆರು ಗಂಟೆ. ಹಾಸನದ ಖಾಸಗಿ ಲ್ಯಾಬೊಂದರ ಮೊದಲ ಮಹಡಿಯಲ್ಲಿ ನೀಲಾಂಬಿಕೆ ಐಸ್ ಮೇಲಿಟ್ಟ ಮೇಣದ ಬಿಲ್ಲೆಯೊಂದನ್ನು ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸುತ್ತಾರೆ. ಈರುಳ್ಳಿ ಪೊರೆಗಿಂತ ತೆಳ್ಳಗಿನ ಎಳೆಯೊಂದು ಬ್ಲೇಡಿನಿಂದ ಇಳಿಯುತ್ತದೆ. ಕುಂಚದ ತುದಿಯಲ್ಲಿ ಅದನ್ನೆತ್ತಿ ಬಿಸಿನೀರಿನ ಮೇಲೆ ತೇಲಿಬಿಡುತ್ತಾರೆ.

"ಫ್ಯಾನ್ ಆಕಂಗಿಲ್ಲ ಸಾ. ಜೋರಾಗಿ ಉಸ್ರು ಬಿಟ್ರೂ ಎಳೆ ಆರೋಯ್ತದೆ," ಎನ್ನುತ್ತಾರೆ, ನೋಡಲು ಬಂದ ನನಗೆ.

ಬಿಲ್ಲೆಯೊಳಗೆ ಇರುವುದು ರೋಗಿಯ ದೇಹದಿಂದ ತೆಗೆದ ಚೂರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದೆಲ್ಲ ಇಲ್ಲಿಗೇ ಬರುತ್ತದೆ. ನೀಲಾಂಬಿಕೆ ಕೊಯ್ದ ಎಳೆ ನೋಡಿಯೇ ವೈದ್ಯರು ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬೇಕು. ದಿನಕ್ಕೆ ಅರವತ್ತು ಬಿಲ್ಲೆ, ಹತ್ತೊಂಬತ್ತು ವರ್ಷ. ಯಾವ ರಿಪೋರ್ಟಿನಲ್ಲೂ ಅವರ ಹೆಸರಿಲ್ಲ.

ಬಾಗೂರಿನ ನೀಲಾಂಬಿಕೆಗೆ ಈಗ ನಲವತ್ತಾರು. ಪತಿ ಬಸವೇಶ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಆರು ವರ್ಷದ ಹಿಂದೆ ಅವರಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿದರು. ಕಣ್ಣು ಹಳದಿಯಾದಾಗ ಕಾಮಾಲೆಗೆ ನಾಟಿ ಔಷಧಿ ಕುಡಿದರು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಲಿವರ್ ತಲುಪಿತ್ತು.

"ದಿನಾ ಊರೋರ್ ಕಾಯ್ಲೆ ಕುಯ್ಯೋಳು ನಾನು. ಮನೇಲಿದ್ದುದ್ದು ಕಾಣ್ನಿಲ್ಲ," ಎನ್ನುತ್ತಾರೆ.

ಬಸವೇಶರ ಲಿವರ್‌ನ ಚೂರು ಇದೇ ಮೇಜಿಗೆ ಬಂತು. ಅಂದು ನೀಲಾಂಬಿಕೆಗೆ ಚಕ್ರ ತಿರುಗಿಸಲಾಗಲಿಲ್ಲ. ಸಹೋದ್ಯೋಗಿ ದಿಲೀಪ್ ಕೊಯ್ದುಕೊಟ್ಟರು. ಹನ್ನೊಂದು ವಾರಕ್ಕೆ ಬಸವೇಶ ತೀರಿಕೊಂಡರು.

ಕಳೆದ ವರ್ಷ ಇದೇ ಲ್ಯಾಬಿನ ವೈದ್ಯೆ ತೇಜಶ್ರೀ ಇದೇ ಮೇದೋಜ್ಜೀರಕದ ಕ್ಯಾನ್ಸರ್ ಬಗ್ಗೆ ಒಂದು ಅಧ್ಯಯನ ಆರಂಭಿಸಿದರು. ನಮ್ಮ ಪ್ರತಿ ಜೀವಕೋಶದ ಮೈಮೇಲೂ ಸಕ್ಕರೆಯ ಸಣ್ಣ ಸರಪಳಿಗಳಿರುತ್ತವೆ. ಈ ಕ್ಯಾನ್ಸರಿನಲ್ಲಿ ಆ ಸರಪಳಿಗಳು ಬದಲಾಗುತ್ತವೆ. ಅವುಗಳ ನೆರವಿನಿಂದ ಕೆಟ್ಟ ಕೋಶ ದೇಹದ ಕಾವಲಿನ ಕಣ್ಣು ತಪ್ಪಿಸಿ, ರಕ್ತನಾಳಕ್ಕೆ ಅಂಟಿಕೊಂಡು, ಬೇರೆ ಅಂಗಕ್ಕೆ ದಾಟಬಲ್ಲದು. ಯಾರಲ್ಲಿ ಯಾವ ಸಕ್ಕರೆ ಹೆಚ್ಚಿತ್ತು ಎಂದು ನೋಡಲು ಹಳೆಯ ಬಿಲ್ಲೆಗಳು ಬೇಕಾದವು. ಮನೆಯವರ ಒಪ್ಪಿಗೆ ಪಡೆದು ನಲವತ್ತಮೂರು ಬಿಲ್ಲೆ ಹೊರತೆಗೆದರು. ಒಂದಕ್ಕೆ ಸಹಿ ಹಾಕಿದವರು ನೀಲಾಂಬಿಕೆ.

"ಇದೊಂದು ದಿಲೀಪ್ ಮಾಡ್ಲಿ ಬಿಡಿ ನೀಲಾ," ಎಂದರಂತೆ ತೇಜಶ್ರೀ.

"ಬ್ಯಾಡಿ ಮೇಡಂ. ಅವತ್ತು ನನ್ ಕೈಲಾಗ್ನಿಲ್ಲ. ಇವತ್ತು ನಾನೇ ಮಾಡ್ತೀನಿ."

ದಾರದಷ್ಟು ಸಣ್ಣ ಚೂರು. ಆರು ಎಳೆ ಕೇಳಿದ್ದರು, ಆರೂ ಹರಿಯದೆ ಬಂದವು. ಬಣ್ಣ ಹಾಕಿದ ಮೇಲೆ ತೇಜಶ್ರೀ ನೀಲಾಂಬಿಕೆಯನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಕೋಶಗಳ ಅಂಚಿನುದ್ದಕ್ಕೂ ಕಂದು ಗೆರೆ. ಅದೇ ಆ ಸಕ್ಕರೆ. ನೀಲಾಂಬಿಕೆ ಆರೂ ಎಳೆಗಳನ್ನು ಒಂದೊಂದಾಗಿ ನೋಡಿದರು.

"ನಮ್ಮನೆಯೋರು ಬಸ್ ಇಳ್ದು ಬಂದ್ರೆ ಮೈಯೆಲ್ಲ ಡೀಸಲ್ ವಾಸ್ನೆ. ದೂರ ಕುಂತ್ಕಳಿ ಅಂತ ಬಯ್ತಿದ್ದೆ. ಈಗ ಸ್ಟ್ಯಾಂಡಲ್ಲಿ ಆ ವಾಸ್ನೆ ಬಂದ್ರೆ ನಿಂತ್ಬುಡ್ತೀನಿ ಸಾ. ನನ್ ಬಸ್ ಓದ್ರೂ ಗ್ಯಾನ ಇರಾಕಿಲ್ಲ."

ಅಧ್ಯಯನ ಇನ್ನೂ ಮುಗಿದಿಲ್ಲ. ಅದರಿಂದ ಮದ್ದು ಸಿಗಲು ಎಷ್ಟು ವರ್ಷ ಬೇಕೋ, ಸಿಗುತ್ತದೋ ಇಲ್ಲವೋ, ತೇಜಶ್ರೀಯೂ ಹೇಳಲಾರರು. ನೀಲಾಂಬಿಕೆ ಕೇಳಿಕೊಂಡಿರುವುದು ಒಂದೇ, ಬಸವೇಶರ ಬಿಲ್ಲೆಯನ್ನು ಪೂರ್ತಿ ಖಾಲಿ ಮಾಡಬಾರದು.

"ಇನ್ನೊಂದ್ ನಾಕ್ ಎಳೆಗಾಗೋವಷ್ಟು ಉಳ್ಕಂಡದೆ. ಮುಂದೆ ಯಾರಾದ್ರೂ ಓದ್ದೋರು ಬಂದು ಕೇಳ್ತಾರೆ. ಆಗ ನಮ್ಮನೆಯೋರು ಇರ್ಬೇಕಲ್ಲ ಸಾ."